ಸದರಿಯವರ ಕೈಯಿಂದ ಮಾತ್ರ

ನಮ್ಮ ಭಾವ ತಮ್ಮ ಕಾಲಿಗೆ ತಾವೇ ಹಗ್ಗ ಬಿಗಿದುಕೊಂಡವರು. ಅಕ್ಕನ ಗಂಡ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಇನ್ನು ಆಗುವುದಿಲ್ಲ.

ಅವರು ಬೆಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರು. ಮರಗಳು ಮುಗಿದು ಬರೀ ಕಲ್ಲು, ಗಿಡ್ಡ ಹುಲ್ಲು, ಹಿಮ ಶುರುವಾಗುವ ಎತ್ತರ ಅದು. ಕೆಳಗಿನ ಪಟ್ಟಣದಿಂದ ಅಲ್ಲಿಗೆ ಪ್ರವಾಸಿಗರನ್ನು ವ್ಯಾನಿನಲ್ಲಿ ಕರೆದೊಯ್ಯುವುದು ನನ್ನ ಕೆಲಸ. ಜನ ಹಿಮಚಿರತೆ ನೋಡುತ್ತೇವೆಂದು ಬರುತ್ತಾರೆ. ದಿನವಿಡೀ ಬೈನಾಕ್ಯುಲರ್ ಹಿಡಿದು ಕಣ್ಣು ನೋಯಿಸಿಕೊಂಡು, ಕೊನೆಗೆ ಭಾವನ ಮರಿಯ ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಮರಿ ಅನ್ನುವುದು ಹೆಸರಿಗಷ್ಟೇ. ಒಂಬತ್ತು ವರ್ಷದ ಹೆಣ್ಣು ಕಾಡುಮೇಕೆ, ಗೇಣುದ್ದ ಕೊಂಬು. ಹುಟ್ಟಿದ ವಾರಕ್ಕೇ ಬಂಡೆಯಿಂದ ಬಿದ್ದು ಹಿಂಗಾಲು ಮುರಿದುಕೊಂಡಿತ್ತು. ಭಾವ ಅದನ್ನು ಕೋಟಿನೊಳಗೆ ಹಾಕಿಕೊಂಡು ತಂದು, ಬಾಟಲಿ ಹಾಲು ಕುಡಿಸಿ ಬದುಕಿಸಿದರು. ಕುಂಟುಗಾಲಲ್ಲಿ ಬಂಡೆ ಹತ್ತಲಾರದೆಂದು ಕಚೇರಿಯ ಹಿಂದೆ ತಂತಿಬೇಲಿಯೊಳಗೆ ಇಟ್ಟರು.

ಆ ಮೊದಲ ವರ್ಷದ ಹೆಮ್ಮೆಯಲ್ಲಿ ಭಾವ ಮೇವಿನ ಪುಸ್ತಕದಲ್ಲಿ ಒಂದು ಸಾಲು ಬರೆದರು: ‘ಈ ಪ್ರಾಣಿ ನನ್ನ ಕೈಯಿಂದ ಮಾತ್ರ ತಿನ್ನುತ್ತದೆ.’ ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಹೌದೋ ಅಲ್ಲವೋ ಎಂದು ಯಾರೂ ನೋಡಲೂ ಇಲ್ಲ.

ಮರುವರ್ಷ ಮದುವೆಯಾಯಿತು. ಅಕ್ಕನಿಗೆ ಅಲ್ಲಿನ ಗಾಳಿ ಒಗ್ಗಲಿಲ್ಲ. ಎರಡು ತಿಂಗಳಿಗೆ ಉಸಿರು ಕಟ್ಟಿ, ತುಟಿ ನೀಲಿಗಟ್ಟಿ, ನಾನೇ ಇಳಿಸಿಕೊಂಡು ಬಂದೆ. ಇನ್ನು ಬೆಟ್ಟದ ಮೇಲೆ ವಾಸ ಮಾಡಕೂಡದು ಎಂದರು ಡಾಕ್ಟರು. ಅಂದಿನಿಂದ ಅವಳ ಸಂಸಾರ ಕೆಳಗೆ ಒಂದೇ ಕೋಣೆಯಲ್ಲಿ, ಹೊಲಿಗೆ ಯಂತ್ರದ ಜೊತೆ. ಭಾವ ತಿಂಗಳಿಗೊಮ್ಮೆ ಮರಿಗೆ ಮೇವು ಕೊಟ್ಟು ಇಳಿಯುತ್ತಾರೆ. ಮರುದಿನ ಮೇವಿನ ಹೊತ್ತಿಗೆ ಮೇಲಿರಬೇಕು. ಪಟ್ಟಣದ ಸಸಿಗಳ ನರ್ಸರಿಗೆ ವರ್ಗ ಕೇಳಿ ನಾಲ್ಕು ಅರ್ಜಿ ಹಾಕಿದರು. ನಾಲ್ಕಕ್ಕೂ ಒಂದೇ ಉತ್ತರ: ‘ಪ್ರಾಣಿಯು ಸದರಿಯವರ ಕೈಯಿಂದ ಮಾತ್ರ ಆಹಾರ ಸೇವಿಸುವುದರಿಂದ ವರ್ಗಾವಣೆ ಸಾಧ್ಯವಿಲ್ಲ.’ ಅಕ್ಕ ಅವರನ್ನು ‘ಸದರಿಯವರು’ ಎಂದೇ ಕರೆಯತೊಡಗಿದಳು. ನಗುತ್ತಲೇ ಕರೆಯುತ್ತಿದ್ದಳು, ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಐದನೆಯ ಅರ್ಜಿ ಹಾಕಿದಾಗ ಅಕ್ಕ ಹಟ ಹಿಡಿದಳು. “ಎರಡು ಗಂಟೆ ಇದ್ದು ಬಂದ್ರೆ ಸತ್ತೋಗಲ್ಲ ಕಣೋ. ನನ್ನ ಸವತಿ ಹೇಗಿದಾಳೆ ನೋಡ್ಬೇಕು.”

ಮಧ್ಯಾಹ್ನ ಅವಳನ್ನು ಕೈಹಿಡಿದು ವ್ಯಾನಿನಿಂದ ಇಳಿಸಿದೆ. ಭಾವ ಅರ್ಜಿಯ ವಿಚಾರಕ್ಕೆ ಕಚೇರಿಯೊಳಗೆ ಉದ್ಯಾನದ ಸಾಹೇಬರ ಮುಂದೆ ನಿಂತಿದ್ದರು. ಅಕ್ಕ ಏದುಸಿರು ಬಿಡುತ್ತ ಬೇಲಿ ಹಿಡಿದುಕೊಂಡು, ಅಲ್ಲೇ ಇದ್ದ ಸೊಪ್ಪಿನ ಕಟ್ಟಿನಿಂದ ಒಂದು ಹಿಡಿ ಚಾಚಿದಳು. ಮರಿ ಕುಂಟುತ್ತ ಬಂತು, ಮೂಸಿತು, ತಿಂದಿತು. ಇನ್ನಷ್ಟು ಕೊಡು ಎಂದು ಅವಳ ಅಂಗೈ ನೆಕ್ಕಿತು.

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಕಚೇರಿಯ ಬಾಗಿಲಿಗೆ ಓಡಿ, “ಸಾರ್, ನಮ್ಮಕ್ಕನ ಕೈಯಿಂದ್ಲೂ ತಿಂತು! ಇನ್ನಾದ್ರೂ ನಮ್ಮ ಭಾವನ್ನ ಬಿಟ್ಬಿಡಿ!” ಎಂದು ಕೂಗಿದೆ.

ಸಾಹೇಬರು ಒಳ್ಳೆಯವರೇ. ಖುಷಿಯಿಂದ ಹೊರಗೆ ಬಂದರು. “ಸರಿಹೋಯ್ತಲ್ಲ ಹಾಗಾದ್ರೆ! ನಗರದ ಮೃಗಾಲಯದವರು ಇದನ್ನ ಕೇಳ್ತಾನೇ ಇದಾರೆ. ಬೇರೆಯವರು ಕೊಟ್ರೆ ತಿನ್ನಲ್ಲ ಅಂತ ತಡೆದಿದ್ವಿ. ಅದನ್ನ ಅಲ್ಲಿಗೆ ಕಳಿಸೋಣ, ನೀವು ಮನೆಗೆ ಹೋಗಿ.”

ಹಿಂದೆಯೇ ಬಂದಿದ್ದ ಭಾವನ ಮುಖ ಬಿಳಿಚಿಕೊಂಡಿತು. “ಸಾರ್, ಹಿಂದೆ ಕಳಿಸಿದ ಎರಡು ಮೇಕೆಗಳೂ ಅಲ್ಲಿನ ಸೆಕೆಗೆ ಒಂದು ಬೇಸಿಗೇನೂ ದಾಟಲಿಲ್ಲ.”

“ಈಗ ಫ್ಯಾನ್ ಹಾಕಿಸಿದಾರಂತೆ,” ಎಂದು ಸಾಹೇಬರು ಬೇಲಿಯ ಹತ್ತಿರ ಬಂದು ಅಕ್ಕನ ಹಿಂದೆ ನಿಂತರು. “ಎಲ್ಲಿ, ಇನ್ನೊಂದ್ಸಲ ತಿನ್ಸಮ್ಮ, ನೋಡೋಣ.”

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭಾವನ ಕಡೆ ನೋಡಿದಳು. ಅವರು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನೆಲ ನೋಡುತ್ತ ನಿಂತಿದ್ದರು. ಅಕ್ಕ ಸೊಪ್ಪು ಚಾಚಿದಳು. ಮರಿ ಕತ್ತು ನೀಡುವಷ್ಟರಲ್ಲಿ ಅವಳ ಇನ್ನೊಂದು ಕೈ, ಸಾಹೇಬರಿಗೆ ಕಾಣದ ಹಾಗೆ, ಶಾಲಿನ ಅಂಚನ್ನು ಪಟ್ಟನೆ ಕೊಡವಿತು. ಮರಿ ಬೆದರಿ ಆಚೆ ಮೂಲೆಗೆ ಓಡಿತು.

“ಆಗ ಬರೀ ಮೂಸಿತ್ತು ಅಷ್ಟೆ ಸಾರ್. ನಮ್ಮ ತಮ್ಮಂಗೆ ಆತುರ,” ಎಂದಳು ಅಕ್ಕ.

“ಛೇ!” ಎಂದು ಸಾಹೇಬರು ನಿಜಕ್ಕೂ ನೊಂದುಕೊಂಡು, ಐದನೆಯ ಉತ್ತರ ಬರೆಯಲು ಒಳಗೆ ಹೋದರು.

ನಾಲ್ಕು ಗಂಟೆಗೆ ಉದ್ಯಾನದ ಗೇಟು ಮುಚ್ಚುತ್ತದೆ. ಭಾವ ವ್ಯಾನಿನ ಕಿಟಕಿಯ ಮೇಲೆ ಕೈಯಿಟ್ಟು ನಿಂತರು. ಅಕ್ಕ ಆ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಒಂದು ಮೇಕೆಗೋಸ್ಕರ ಗಂಡನ್ನ ಬಿಟ್ಕೊಟ್ಯಲ್ಲ ಅಕ್ಕ!” ಎಂದೆ, ಗೇಟು ದಾಟಿದ ಮೇಲೆ.

“ಅದು ಸತ್ರೆ ಅವರು ಮನೇಲಿರ್ತಾರೆ, ನಿಜ. ದಿನಾ ನನ್ನ ಮುಖ ಹೇಗೋ ನೋಡ್ತಾರೆ ಅವರು?” ಇಷ್ಟು ಹೇಳುವುದರೊಳಗೆ ಅವಳು ಮೂರು ಸಲ ಉಸಿರೆಳೆದುಕೊಂಡಳು.

ನಾನು ವ್ಯಾನು ಇಳಿಸಿದೆ. ಒಂದೊಂದೇ ತಿರುವು ಕಳೆದು ಮರಗಳು ಶುರುವಾದವು. ಅವಳ ತುಟಿಗೆ ಬಣ್ಣ ಬಂತು, ಏದುಸಿರು ನಿಂತಿತು. ಅಳುವುದಕ್ಕೆ ಸಾಕಾಗುವಷ್ಟು ಉಸಿರು ಅವಳಿಗೆ ಆಗ ಸಿಕ್ಕಿತು. ಪಟ್ಟಣ ಮುಟ್ಟುವವರೆಗೂ ಅತ್ತಳು.