ಒಲಿಂಡಾ ಎಳೆದು ಹಾಕಿದ ಮುಸುಕು

ಬಜಗೋಳಿಯ ಧರ್ಮಾರ್ಥ ಚಿಕಿತ್ಸಾಲಯದ ನರ್ಸ್ ಒಲಿಂಡಾ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರಿಗೆಲ್ಲ ಗೊತ್ತು. ಆ ಸಿಟ್ಟಿಗೆ ಕಾರಣವೂ ಇತ್ತು. ೨೦೦೪ರಲ್ಲಿ ಯಾರೋ ದಾನಿಗಳು ಅಲ್ಲಿಗೆ ಕಂಪ್ಯೂಟರ್, ಸ್ಕ್ಯಾನರ್ ಕೊಟ್ಟರು. ರೋಗಿಯ ಇಸಿಜಿಯನ್ನು ಇಂಟರ್ನೆಟ್‌ನಲ್ಲಿ ಮಣಿಪಾಲದ ಹೃದ್ರೋಗ ವೈದ್ಯರಿಗೆ ಕಳಿಸಿ ಸಲಹೆ ಕೇಳಲಿ ಎಂದು. ಉದ್ಘಾಟನೆಯ ಮರುದಿನವೇ ಮ್ಯಾನೇಜರ್ ಜಿತೇಂದ್ರ ಅದಕ್ಕೆ ಪ್ಲಾಸ್ಟಿಕ್ ಮುಸುಕು ಹೊದಿಸಿ ಕೋಣೆಗೆ ಬೀಗ ಜಡಿದರು. ಹಾಳಾದರೆ ಟ್ರಸ್ಟಿಗೆ ಉತ್ತರ ಕೊಡುವವರು ಯಾರು? ಆಯುಧಪೂಜೆಯಂದು ಮಾತ್ರ ಬೀಗ ತೆಗೆದು, ಮುಸುಕಿನ ಮೇಲೆಯೇ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ ಆರತಿ ಎತ್ತುತ್ತಿದ್ದರು. ಎರಡು ಪೂಜೆ ಹೀಗೆ ಕಳೆದವು. ಕೈಮುಗಿದವರೆಲ್ಲ ಪ್ರಸಾದ ತಿಂದು ಹೋದರು, ಒಬ್ಬರಾದರೂ ಸ್ವಿಚ್ ಒತ್ತಲಿಲ್ಲ.

೨೦೦೬ರ ಮಾರ್ಚಿನ ಒಂದು ಮಧ್ಯಾಹ್ನ, ಡಾಕ್ಟರು ಬಾರದ ದಿನ, ಕಲ್ಲುಕೋರೆಯ ಬೀರಪ್ಪ ಎದೆ ಒತ್ತಿಕೊಂಡು ಬಂದ. ಬಾಗಲಕೋಟೆ ಕಡೆಯವನು. ಹಿಂದೆ ಬಟ್ಟೆಗಂಟು ಹಿಡಿದ ಹೆಂಡತಿ ರತ್ನವ್ವ.

"ಗ್ಯಾಸ್ ಐತ್ರಿ ಸಿಸ್ಟರ್. ಒಂದು ಗುಳಗಿ ಕೊಡ್ರಿ. ಸಂಜಿ ಬಸ್ಸಿಗೆ ಊರಿಗೆ ಹೊಂಟೀವಿ."

ಬೆಳ್ಮಣ್‌ನಲ್ಲಿ ಒಲಿಂಡಾರ ಅಪ್ಪ ಹೀಗೆಯೇ ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದವರು ಮತ್ತೆ ಏಳಲಿಲ್ಲ. ಒಲಿಂಡಾ ಬೀರಪ್ಪನನ್ನು ಮಲಗಿಸಿ ಇಸಿಜಿ ತೆಗೆದರು. ಗೆರೆಗಳು ಸರಿಯಿಲ್ಲವೆಂದು ಕಂಡಿತು. ಅದನ್ನು ಖಚಿತವಾಗಿ ಓದುವ ವಿದ್ಯೆ ಅವರದಲ್ಲ. ಮಣಿಪಾಲಕ್ಕೆ ಹೋಗು ಎಂದರೆ ಅವನು ಒಪ್ಪಲಿಲ್ಲ.

"ದೊಡ್ಡ ಡಾಕ್ಟರು ಹೇಳಿದ್ರ ಹೊಕ್ಕೀನ್ರಿ. ನೀವು ಹೇಳಿದ್ರ ಹ್ಯಾಂಗ?"

ಬಸ್ಸು ಹತ್ತಿದರೆ ಇವನು ಘಟ್ಟ ದಾಟುವುದಿಲ್ಲ ಎಂದು ಒಲಿಂಡಾಗೆ ಅನ್ನಿಸಿತು.

"ಜಿತೇಂದ್ರ ಸರ್, ಕೋಣೆಯ ಕೀಲಿಕೈ ಕೊಡಿ."

"ಪರ್ಮಿಷನ್ ಇಲ್ಲದೆ ಹೇಗೆ ಸಿಸ್ಟರ್? ಹಾಳಾದರೆ ಎಂತ ಮಾಡುವುದು? ನಿಮಗೆ ಅದು ಬರುವುದೂ ಇಲ್ಲ."

"ಬರ್ತದೆ. ಕಾರ್ಕಳದ ಸೈಬರ್‌ನಲ್ಲಿ ಕೂತು ಕುವೈಟಿನ ತಂಗಿಗೆ ವಾರ ವಾರ ಮೇಲ್ ಹಾಕ್ತೇನೆ. ಅದು ಹಾಳಾದರೆ ರಿಪೇರಿ ಉಂಟು. ಈ ಮನುಷ್ಯ ಹಾಳಾದರೆ ಉಂಟಾ?"

ಕೀಲಿಕೈ ಬರಲಿಲ್ಲ. ಒಲಿಂಡಾ ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ತಂದು ಚಿಲಕದ ಕೊಂಡಿಯನ್ನೇ ಕಿತ್ತರು. ಒಣಗಿದ ಮಾಲೆಯ ಸಮೇತ ಮುಸುಕನ್ನು ಎಳೆದು ಹಾಕಿದರು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಇಸಿಜಿಯನ್ನು ಸ್ಕ್ಯಾನ್ ಮಾಡಿ, ಗೋಡೆಗೆ ಅಂಟಿಸಿದ್ದ ವಿಳಾಸಕ್ಕೆ ಕಳಿಸಿದರು. ಎರಡು ಸಲ ಕನೆಕ್ಷನ್ ಕಡಿಯಿತು. ಮೂರನೆಯ ಸಲ ಹೋಯಿತು. ತಂತಿಯನ್ನು ಮತ್ತೆ ಫೋನಿಗೆ ಹಾಕಿ ಮಣಿಪಾಲಕ್ಕೆ ಕರೆ ಮಾಡಿದರು.

"ಮೇಲ್ ನೋಡಿ ಡಾಕ್ಟರೇ. ಬೇಗ ಹೇಳಿ."

ಹತ್ತು ನಿಮಿಷಕ್ಕೆ ಫೋನ್ ಬಂತು. ಒಲಿಂಡಾ ರಿಸೀವರನ್ನು ಬೀರಪ್ಪನ ಕಿವಿಗೇ ಹಿಡಿದರು.

"ಇದು ಗ್ಯಾಸ್ ಅಲ್ಲ, ಹಾರ್ಟ್ ಅಟ್ಯಾಕ್. ಸಿಸ್ಟರ್ ಕೊಡುವ ಆಸ್ಪಿರಿನ್ ಅಗಿದು ಈಗಲೇ ಹೊರಡಿ" ಎಂದರು ದೊಡ್ಡ ಡಾಕ್ಟರು.

ಬೀರಪ್ಪ ಆಸ್ಪಿರಿನ್ ಅಗಿಯುತ್ತ ರತ್ನವ್ವನ ಕೈ ಹಿಡಿದು ಎದ್ದ. ಹೊರಗೆ ಜಿತೇಂದ್ರರ ಓಮ್ನಿ ವ್ಯಾನ್ ಆಗಲೇ ಸ್ಟಾರ್ಟ್ ಆಗಿತ್ತು. ಆತ ಕೆಟ್ಟ ಮನುಷ್ಯನಲ್ಲ, ಹೆದರುಪುಕ್ಕ ಅಷ್ಟೆ.

ಬೀರಪ್ಪ ಉಳಿದ. ಬೀಗ ಮುರಿದದ್ದೇಕೆಂದು ಟ್ರಸ್ಟಿನಿಂದ ಒಲಿಂಡಾಗೆ ನೋಟಿಸು ಬಂತು. ಅವರು ಅದೇ ಇಸಿಜಿಯ ಪ್ರತಿ ಲಗತ್ತಿಸಿ ಒಂದೇ ಸಾಲು ಬರೆದರು: "ಮತ್ತೆ ಬೀಗ ಹಾಕಿದರೆ ಮತ್ತೆ ಮುರಿಯುತ್ತೇನೆ." ಅದಕ್ಕೆ ಉತ್ತರವೂ ಬರಲಿಲ್ಲ, ಹೊಸ ಬೀಗವೂ ಬರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಜಿತೇಂದ್ರ ಮಾಲೆ ಹಿಡಿದು ಬಂದಾಗ ಒಲಿಂಡಾ ಕಂಪ್ಯೂಟರಿನ ಮುಂದಿದ್ದರು.

"ಸ್ವಲ್ಪ ಕೂತ್ಕೊಳ್ಳಿ ಸರ್, ಇಸಿಜಿ ಹೋಗ್ತಾ ಉಂಟು."

ಬೆಂಚಿನಲ್ಲಿ ಆಗಲೇ ಇಬ್ಬರು ರೋಗಿಗಳು ಕಾಯುತ್ತಿದ್ದರು. ಮೂರನೆಯವರಾಗಿ ಜಿತೇಂದ್ರ, ಮಾಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.