ಎರಡು ಬ್ಯಾಟರಿ, ಒಂದು ಟ್ರ್ಯಾಕ್ಟರ್

ಜನರೇಟರ್ ಕೊಳ್ಳುವವರ ಜೊತೆ ಮಾತಾಡಿ ಮಾತಾಡಿ ನನ್ನ ತಲೆ ಕೆಟ್ಟು ಹೋಗಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಛತ್ರ, ಲಾಡ್ಜು, ಕಾಂಪ್ಲೆಕ್ಸುಗಳಿಗೆ ಜನರೇಟರ್ ಹಾಕಿಸಿ, ಆಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಟ್ಟಡದಲ್ಲಿ ಏನೇನು ಓಡುತ್ತದೆ, ಲಿಫ್ಟು ಹೊರಡುವಾಗ ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿ ಸೈಜು ಹೇಳಬೇಕು. ಯಾರಿಗೆ ಬೇಕು ಆ ಲೆಕ್ಕ. ಹುಣಸೂರಿನಲ್ಲಿ ಒಬ್ಬರು ಮೊದಲು ಬಣ್ಣ ಯಾವುದೆಂದು ಕೇಳಿದರು. ಕೋಟೆಯಲ್ಲಿ ಇನ್ನೊಬ್ಬರು ಎಂಜಿನ್‌ಗೆ ಗಾಳಿ ಹೋಗುವ ಜಾಗಕ್ಕೆ ಗೋಣಿಚೀಲ ತುರುಕಿ, ಸದ್ದು ಕಮ್ಮಿಯಾಯಿತೆಂದು ನನಗೇ ತೋರಿಸಿದರು.

ಇವರೆಲ್ಲರನ್ನೂ ಮೀರಿಸಿದವರು ಕೆ.ಆರ್. ನಗರದ ಒಬ್ಬ ಛತ್ರದ ಯಜಮಾನರು.

"ಪಕ್ಕದ ಛತ್ರದೋರ್ದುಕ್ಕಿಂತ ದೊಡ್ಡದಿರ್ಬೇಕು ಕಣಪ್ಪ. ನೀನು ಸುಮ್ಕೆ ತಂದು ಇಳ್ಸು" ಅಂದರು.

"ಅಷ್ಟು ದೊಡ್ಡದು ಬ್ಯಾಡಿ ಯಜಮಾನ್ರೇ. ಮಾಡೋಕೆ ಕೆಲ್ಸ ಇಲ್ದಿದ್ರೆ ಡೀಸೆಲ್ ಸರಿಯಾಗಿ ಉರಿಯಕಿಲ್ಲ, ಸೈಲೆನ್ಸರ್ ತುಂಬಾ ಮಸಿ ಕಟ್ತದೆ."

"ಕೆಲ್ಸ ಕಮ್ಮಿ ಆಯ್ತು ಅಂತ ಯಾವ ಗಟ್ಟಿ ಆಳಾದ್ರೂ ಕಾಯ್ಲೆ ಬಿದ್ದವ್ನಾ?"

ದೊಡ್ಡದನ್ನೇ ತಂದು ಇಳಿಸಿದೆ. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಪೆಟ್ಟಿಗೆಯೊಂದು ಬರುತ್ತದೆ, ಹಾಕಿಸಿ ಎಂದೆ. ಆನೆಯಂಥ ಜನರೇಟರ್ ಇರುವಾಗ ಅದೆಲ್ಲ ಯಾಕೆ ಎಂದರು. ವಾರಕ್ಕೊಮ್ಮೆ ಛತ್ರದ ದೀಪ, ಫ್ಯಾನು, ಲಿಫ್ಟು ಎಲ್ಲ ಹಚ್ಚಿ ಓಡಿಸಿ ಎಂದು ಬಾಯಿ ನೋಯುವಷ್ಟು ಹೇಳಿದೆ. ಅವರು ನೆಂಟರು ಬಂದಾಗ ಬರೀ ಎಂಜಿನ್ ಶುರು ಮಾಡಿ, ಸದ್ದು ಕೇಳಿಸಿ ಆರಿಸುತ್ತಿದ್ದರು.

ಶ್ರಾವಣದಲ್ಲಿ ಯಜಮಾನರ ಹಿರಿಮಗಳ ಮದುವೆ ಅದೇ ಛತ್ರದಲ್ಲಿ. ನನ್ನನ್ನೂ ಕರೆದಿದ್ದರು. ಮಂಟಪ ಇದ್ದದ್ದು ಮೇಲಿನ ಮಹಡಿಯಲ್ಲಿ. ಯಜಮಾನರ ತಾಯಿ ಮಂಡಿ ನೋವಿನ ಅಜ್ಜಿ, ಕೆಳಗೆ ಲಿಫ್ಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಜನ ಕಮ್ಮಿಯಾಗಲೆಂದು ಕಾಯುತ್ತಿದ್ದರು. ಪಕ್ಕದಲ್ಲಿ ಕಿರಿಯ ಮೊಮ್ಮಗಳು.

"ಎತ್ತಿ ಆಡ್ಸಿದ್ ಕೂಸು ಕಣಪ್ಪ. ತಾಳಿ ಕಟ್ಟೋವಾಗ ನನ್ ಕೈಯಾರೆ ಅಕ್ಷತೆ ಆಕ್ಬುಟ್ರೆ ಸಾಕು, ಇನ್ನೇನೂ ಬ್ಯಾಡ" ಅಂದರು. ಮುಷ್ಟಿಯಲ್ಲಿ ಆಗಲೇ ಅಕ್ಷತೆ ಇತ್ತು.

ಇಬ್ಬರೂ ಲಿಫ್ಟಿನೊಳಗೆ ಹೋದರು, ಬಾಗಿಲು ಮುಚ್ಚಿತು. ಅದು ಅರ್ಧಕ್ಕೆ ಏರಿರಬೇಕು, ಕರೆಂಟು ಹೋಯಿತು.

ಜನರೇಟರ್ ತಾನಾಗಿಯೇ ಶುರುವಾಗಬೇಕಿತ್ತು. ಆಗಲಿಲ್ಲ. ಛತ್ರದ ಹಿಂದಕ್ಕೆ ಓಡಿ ಅದರ ಪೆಟ್ಟಿಗೆಯ ಬಾಗಿಲು ತೆಗೆದೆ. ಎರಡು ಬ್ಯಾಟರಿ ಇರಬೇಕಾದ ಜಾಗದಲ್ಲಿ ಒಂದೇ ಕೂತಿತ್ತು. ಇನ್ನೊಂದರ ವೈರುಗಳ ತುದಿಗೆ ಪ್ಲಾಸ್ಟಿಕ್ ಕವರು ಸುತ್ತಿ ಅಚ್ಚುಕಟ್ಟಾಗಿ ದಾರ ಕಟ್ಟಿದ್ದರು. ಆ ದಾರ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಛತ್ರ ನೋಡಿಕೊಳ್ಳುವವನು ಹಿಂದೆಯೇ ಬಂದ. "ನಾಲೆಗೆ ನೀರ್ ಬುಟ್ಟವ್ರಲ್ಲ ಸಾ, ಗದ್ದೆ ಉಳೋಕೆ ಓದ್ರೆ ಟ್ಯಾಕ್ಟರ್ ಬ್ಯಾಟ್ರಿ ಕೂತೋಗಿತ್ತು. ಎರಡವೆ ತಾನೆ, ಒಂದು ಸ್ಪೇರು, ಬಿಚ್ಕೊಂಡೋಗು ಅಂದ್ರು ಯಜಮಾನ್ರು."

ಸ್ಪೇರಂತೆ. ಎರಡೂ ಸೇರಿದರೆ ಮಾತ್ರ ಆ ಗಾತ್ರದ ಎಂಜಿನ್ ತಿರುಗುವುದು. ನಾನು ಹೇಳಿದ ಚಿಕ್ಕದನ್ನು ತಂದಿದ್ದರೆ ಇದ್ದದ್ದೇ ಒಂದು ಬ್ಯಾಟರಿ, ಅದನ್ನು ಕೀಳಲು ಯಾರಿಗೂ ಕೈ ಬರುತ್ತಿರಲಿಲ್ಲ.

ಟ್ರ್ಯಾಕ್ಟರ್ ಇದ್ದದ್ದು ಊರಾಚೆಯ ಗದ್ದೆಯಲ್ಲಿ. ಬಾಗಿಲಲ್ಲಿ ಮದುಮಗನ ಕಾರು ನಿಂತಿತ್ತು. ಡ್ರೈವರ್ ಬೇಡ ಬೇಡ ಅನ್ನುತ್ತಿದ್ದರೂ ಬಾನೆಟ್ಟಿನ ಹೂವಿನ ಅಲಂಕಾರ ಕಿತ್ತೆಸೆದು ಅದರ ಬ್ಯಾಟರಿ ಬಿಚ್ಚಿಕೊಂಡು ಬಂದೆ. ವೈರು ಬಿಗಿಯುತ್ತಿರುವಾಗಲೇ ಮೇಲೆ ಗಟ್ಟಿಮೇಳ ಕೇಳಿಸಿತು. ಓಲಗದವರಿಗೆ ಕರೆಂಟು ಬೇಕಿಲ್ಲ, ಪುರೋಹಿತರು ಮುಹೂರ್ತ ಬಿಡುವವರಲ್ಲ. ಲಿಫ್ಟಿನೊಳಗೆ ಕತ್ತಲಲ್ಲಿ ನಿಂತ ಅಜ್ಜಿಗೂ ಅದು ಕೇಳಿಸಿರುತ್ತದೆ ಅನ್ನಿಸಿ ಸ್ಪಾನರನ್ನು ಇನ್ನೂ ಬೇಗ ಬೇಗ ತಿರುಗಿಸಿದೆ.

ಎಂಜಿನ್ ಶುರುವಾಯಿತು. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು.

"ಆಯ್ತಾ?" ಅಂದರು ಅಜ್ಜಿ.

"ಆಯ್ತು ಕಣವ್ವ" ಅಂದರು ಯಜಮಾನರು, ನೆಲ ನೋಡುತ್ತಾ.

ಅಜ್ಜಿ ಹಿರಿಯ ಮೊಮ್ಮಗಳ ಹತ್ತಿರ ಹೋಗಿ ಮುಷ್ಟಿ ಬಿಚ್ಚಿದರು. ಬೆವರಿಗೆ ಅಕ್ಕಿ ಅಂಗೈಗೆ ಅಂಟಿಕೊಂಡಿತ್ತು. ಇನ್ನೊಂದು ಕೈಯಿಂದ ಅದನ್ನು ಬಿಡಿಸಿ ಬಿಡಿಸಿ ಅವಳ ತಲೆಗೆ ಹಾಕಿದರು. ಮದುಮಗಳು ಅತ್ತಳು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಎಂತಾ ಜನರೇಟರ್ ಕೊಟ್ಯಪ್ಪಾ, ಟೈಮಿಗೆ ಕೈಕೊಡ್ತಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ. ಬ್ಯಾಟರಿ ಎಲ್ಲಿದೆ, ಯಾರು ಕೊಟ್ಟದ್ದು ಎಂದು ಅಜ್ಜಿಗೆ ಕೇಳುವ ಹಾಗೆ ಹೇಳಿಬಿಟ್ಟೆ. ಅಜ್ಜಿ ಮಗನನ್ನು ಒಂದು ಸಲ ನೋಡಿದರು.

ಮುಂದಿನ ಸಲ ಸರ್ವೀಸಿಗೆ ಹೋದಾಗ ಜನರೇಟರ್ ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಬೀಗದಕೈ ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಯಜಮಾನರು ಅವರ ಮುಂದೆ ನಿಂತು ಅಂಗಲಾಚುತ್ತಿದ್ದರು.

"ಒಂದು ಗಳಿಗೆ ಕಣವ್ವ. ಟ್ಯಾಕ್ಟರ್ ಸ್ಟಾರ್ಟ್ ಆದೇಟ್ಗೆ ತಂದು ಇಟ್ಬುಡ್ತೀನಿ."

ಅಜ್ಜಿ ನನಗೆ ಬೀಗ ತೆಗೆದುಕೊಟ್ಟು, ಬೀಗದಕೈಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

"ಇನ್ನೊಬ್ಳು ಮೊಮ್ಮಗಳವ್ಳೆ ಕಣ್ಲಾ" ಅಂದರು ಮಗನಿಗೆ.