ದೀಪ ಹಚ್ಚಿದ ಮೇಲೆ ವೈಫೈ ಕೇಳಬಾರದು

ಹಡಗಲಿಯಲ್ಲಿ ಮೇಷ್ಟ್ರಾಗಿರುವ ನಮ್ಮ ಸೋದರಮಾವ ಹೊಸ ಲ್ಯಾಪ್‌ಟಾಪ್ ಕೊಂಡ ವಾರವೇ ಹಳೆಯದನ್ನು ನನಗೆ ದಾನ ಮಾಡಿದರು. ದಾನ ಎನ್ನುವ ಪದವನ್ನು ತೂಗಿಯೇ ಬಳಸುತ್ತಿದ್ದೇನೆ. ಹಾಲು ಬತ್ತಿದ ಹಸುವನ್ನು ಮಠಕ್ಕೆ ಬಿಟ್ಟು ಬರುವವರ ಮುಖದಲ್ಲಿ ಒಂದು ತೃಪ್ತಿ ಇರುತ್ತದಲ್ಲ, ಅದು ಅವರ ಮುಖದಲ್ಲಿತ್ತು. ಜೊತೆಗೆ ಅವ್ವನಿಗೆಂದು ಎರಡು ಮೊಳ ಮಲ್ಲಿಗೆಯನ್ನೂ ತಂದಿದ್ದರಿಂದ, ಆ ಯಂತ್ರದ ಬಗ್ಗೆ ಕೆಟ್ಟದ್ದು ಆಡಿದರೆ ಅವ್ವನ ತವರಿನ ಬಗ್ಗೆಯೇ ಆಡಿದಂತಾಗುತ್ತಿತ್ತು.

"ಕಲ್ಲು ಇದ್ದಂಗ ಐತಿ ನೋಡವಾ," ಅಂದಿದ್ದರು ಮಾವ.

ನಿಜ. ತೂಕದಲ್ಲೂ ಕಲ್ಲು, ವೇಗದಲ್ಲೂ ಕಲ್ಲು. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ವೈರು ಸಿಕ್ಕಿಸಿದಷ್ಟು ಹೊತ್ತು ಮಾತ್ರ ಉಸಿರಾಡುತ್ತಿತ್ತು. ಸಿಡಿ ಹಾಕುವ ತಟ್ಟೆ ಎಷ್ಟು ಒತ್ತಿದರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೈಫೈ ಇರಬೇಕಾದ ಮೂಲೆಯಲ್ಲಿ ಒಂದು ಕೆಂಪು ಅಡ್ಡಗೆರೆ. ಮಾವನಿಗೆ ಫೋನ್ ಮಾಡಿ, ವೈಫೈ ಹೋಗಿದೆ ಎಂದೆ.

"ನಾನು ಅದನ್ನ ಹಚ್ಚೇ ಇಲ್ಲಲ್ಲ, ಪ್ರಶ್ನೆಪತ್ರಿಕಿ ಟೈಪ್ ಮಾಡಾಕ ಅಷ್ಟೇ ಇಟ್ಕೊಂಡಿದ್ದೆ. ಹಚ್ಚಲಾರದ್ದು ಹೆಂಗ ಹೋಗತೈತಿ?" ಎಂದು ಕೇಳಿದರು. ನಮ್ಮ ಮನೆತನದಲ್ಲಿ ವಾದ ಮಾಡುವ ಗುಣ ಯಾವ ಕಡೆಯಿಂದ ಬಂದಿದೆ ಎಂದು ಕೇಳುವವರಿಗೆ ನಾನು ಈ ಫೋನ್ ಕರೆಯ ಉದಾಹರಣೆ ಕೊಡುತ್ತೇನೆ.

ವಾದ ನನ್ನ ಕಸುಬೇ ಆಗಿತ್ತು. ಕೊಟ್ಟೂರಿನ ಕಾಲೇಜಿನಿಂದ ಊರೂರಿಗೆ ಚರ್ಚಾಸ್ಪರ್ಧೆಗೆ ಹೋಗಿ ಬರುತ್ತಿದ್ದೆ. ಮನೆಯವರ ಪ್ರಕಾರ ಅದು ಸರ್ಟಿಫಿಕೇಟು ಸಿಗುವ ಜಗಳ. ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುತ್ತಿತ್ತು. ಒಂದೇ ಜಾಗ ಉಳಿದಿತ್ತು, ಅದಕ್ಕೆ ಇಬ್ಬರು ಉಳಿದಿದ್ದೆವು. ನಾನು, ಮತ್ತೊಂದು ಕಾಲೇಜಿನ ಒಬ್ಬ ಹುಡುಗ. ಕೊನೆಯ ಸುತ್ತು ಶುಕ್ರವಾರ ಸಂಜೆ ಏಳಕ್ಕೆ, ಆನ್‌ಲೈನ್‌ನಲ್ಲಿ. ಹಿಂದೆ ಯಾರೋ ಮೊಬೈಲ್ ಹಿಡಿದುಕೊಂಡೇ ಅದರಲ್ಲಿದ್ದ ಭಾಷಣ ಓದಿದ್ದರಂತೆ. ಹಾಗಾಗಿ ಈ ಸಲ ಮೊಬೈಲ್‌ನಿಂದ ಸೇರುವಂತಿಲ್ಲ, ಕಂಪ್ಯೂಟರೇ ಆಗಬೇಕು, ಕೈಯೂ ಮೇಜೂ ಕ್ಯಾಮೆರಾದಲ್ಲಿ ಕಾಣಬೇಕು. ಸೇರಲಾಗದಿದ್ದರೆ ಜಾಗ ಆ ಹುಡುಗನಿಗೆ. ಒಂದು ಮಾತೂ ಆಡದೆ ಸೋಲುವುದು ನನಗೆ ಸಾವಿಗಿಂತ ಸ್ವಲ್ಪ ಮೇಲು, ಅಷ್ಟೇ.

ಹಗರಿಬೊಮ್ಮನಹಳ್ಳಿಗೆ ಬಸ್ಸು ಹತ್ತಿದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯವರು ಲ್ಯಾಪ್‌ಟಾಪನ್ನು ಎತ್ತಿ, ತಿರುಗಿಸಿ, ಸತ್ಯನಾರಾಯಣ ಕಥೆ ಕೇಳಿದವರಂತೆ ಕಣ್ಣು ಮುಚ್ಚಿದರು.

"ಹೊಸಾದು ತಗೊಳ್ರಿ ಮೇಡಂ."

"ಹೊಸಾದು ತಗೊಳ್ಳೋರು ನಿಮ್ಮಂತಾಕ ಯಾಕ ಬರ್ತಾರ್ರಿ?"

"ಅದೂ ಖರೆ." ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. "ಹಂಗಾರ ಇದನ್ನ ಪೆನ್‌ಡ್ರೈವ್ ಹಾಕೋ ತೂತಿಗೆ ಹಾಕ್ರಿ. ವೈಫೈ ಬರತೈತಿ."

ಹೆಬ್ಬೆರಳ ಉಗುರಿನಷ್ಟಿತ್ತು. ಒಂದು ಜೊತೆ ಚಪ್ಪಲಿಗಿಂತ ಅಗ್ಗ. "ಇಷ್ಟು ಸಣ್ಣದು ಕೆಲಸ ಮಾಡತೈತೇನ್ರಿ?" ಎಂದೆ.

"ಮೂಗುಬಟ್ಟು ಎಷ್ಟು ದೊಡ್ಡದಿರತೈತ್ರಿ? ಮನಿತನ ಎಲ್ಲಾ ಅದರಾಗ ಕಾಣಂಗಿಲ್ಲೇನು?"

ಹೋಲಿಕೆ ವಾದವಲ್ಲ ಎಂದು ಹೇಳಬೇಕೆನಿಸಿತು. ಬಸ್ಸಿನ ಹೊತ್ತಾಗಿತ್ತು, ಬಿಟ್ಟೆ.

ವೈಫೈ ಹಿಡಿಯುವ ಚೂರು ಬಂತು, ಹಿಡಿಯಲು ವೈಫೈ ಎಲ್ಲಿದೆ? ನನ್ನ ಮೊಬೈಲ್‌ನ ಡೇಟಾ ಸಂಜೆಯಾದರೆ ತೆವಳುತ್ತದೆ, ವಿಡಿಯೊ ಹಚ್ಚಿದರೆ ಮಲಗುತ್ತದೆ. ಆದರೆ ಪಕ್ಕದ ಮನೆಯಲ್ಲಿತ್ತು. ಅದು ದೊಡ್ಡವ್ವನ ಮನೆ. ಸಂಬಂಧದಲ್ಲಿ ದೊಡ್ಡವ್ವ ಅಲ್ಲ, ಓಣಿಗೆಲ್ಲ ದೊಡ್ಡವ್ವ. ಪೇಟೆಯಲ್ಲಿ ದನಗಳಿಗೆ ಹಾಕುವ ಹಿಂಡಿ, ಹೊಟ್ಟು ಮಾರುವ ಅಂಗಡಿ ಅವರದು. ಗಂಡುಮಕ್ಕಳು ಗಲ್ಲೆಯ ಮೇಲೆ ಕೂರುತ್ತಾರೆ, ತೀರ್ಮಾನಗಳೆಲ್ಲ ಮನೆಯ ಮಂಚದಿಂದ ಹೊರಡುತ್ತವೆ. ಧಾರಾವಾಹಿಗಳನ್ನು ತಮಗೆ ಬೇಕಾದಾಗ ನೋಡಬೇಕೆಂದು ಆಕೆಯೇ ವೈಫೈ ಹಾಕಿಸಿಕೊಂಡಿದ್ದು. ಎರಡೂ ಮನೆಗೆ ಒಂದೇ ಗೋಡೆ. ಬುಧವಾರ ಕೇಳಿದಾಗ, "ತಗೋಳವಾ, ಯಾವಾಗ ಬೇಕಾದ್ರೂ ಬಾ," ಎಂದಿದ್ದರು. 'ಯಾವಾಗ ಬೇಕಾದರೂ' ಎನ್ನುವ ಪದಗುಚ್ಛವನ್ನು ಆಗಲೇ ವ್ಯಾಖ್ಯಾನಿಸಿಕೊಳ್ಳಬೇಕಿತ್ತು. ಚರ್ಚೆಯ ಮೊದಲ ಪಾಠವೇ ಅದು.

ಶುಕ್ರವಾರ ಮಧ್ಯಾಹ್ನ ಚೂರನ್ನು ಸಿಕ್ಕಿಸಿದೆ. ಲ್ಯಾಪ್‌ಟಾಪ್ ಅದನ್ನು ಗುರುತಿಸಲಿಲ್ಲ. ಪೊಟ್ಟಣದಲ್ಲಿ ಒಂದು ಪುಟ್ಟ ಸಿಡಿ ಇತ್ತು, ಸಿಡಿಯ ತಟ್ಟೆ ಬಾಯಿ ಬಿಡುವುದಿಲ್ಲವಲ್ಲ. ಸಿಡಿ ಹಾಕಲಾಗದವರು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಅಂದರೆ ಇಂಟರ್‌ನೆಟ್ ಬರಬೇಕಾದರೆ ಮೊದಲು ಇಂಟರ್‌ನೆಟ್ ಇರಬೇಕು. ಇಂಥ ವಾದವನ್ನು ವೇದಿಕೆಯ ಮೇಲೆ ಯಾರಾದರೂ ಮಂಡಿಸಿದ್ದರೆ ನಾನು ಅವರನ್ನು ಅಲ್ಲಿಯೇ ಹುರಿದು ಮುಕ್ಕುತ್ತಿದ್ದೆ. ಪೊಟ್ಟಣವನ್ನು ಏನು ಮಾಡುವುದು? ಮೊಬೈಲನ್ನು ಚಾರ್ಜರಿನ ವೈರಿನಿಂದ ಲ್ಯಾಪ್‌ಟಾಪ್‌ಗೆ ಕಟ್ಟಿ, ಅದರ ತೆವಳುವ ಡೇಟಾದಲ್ಲಿ ಆ ತಂತ್ರಾಂಶವನ್ನು ಇಳಿಸತೊಡಗಿದೆ. ಅದು ಇಳಿಯುವಷ್ಟರಲ್ಲಿ ಹೊತ್ತೂ ಇಳಿಯಿತು.

"ದೀಪ ಹಚ್ಚೋದ್ರಾಗ ಪಕ್ಕದ ಮನಿಗೆ ಹೋಗಿ ಬಂದ್ಬಿಡು, ಇವತ್ತು ಶುಕ್ರವಾರ," ಎಂದರು ಅವ್ವ ಅಡುಗೆಮನೆಯಿಂದ.

"ನಾನೇನು ಹೆಪ್ಪು ಕೇಳಾಕ ಹೊಂಟೀನೇನವ್ವಾ? ಪಾಸ್‌ವರ್ಡ್."

"ಕೇಳೋದು ಅಂದಮ್ಯಾಲೆ ಎಲ್ಲಾ ಒಂದ."

ನಗು ಬಂತು. ಚೂರಿನಲ್ಲಿ ಹಸಿರು ದೀಪ ಮಿನುಗಿ, ಪರದೆಯಲ್ಲಿ ದೊಡ್ಡವ್ವನ ಅಂಗಡಿಯ ಹೆಸರೂ ಪಕ್ಕದಲ್ಲೊಂದು ಬೀಗದ ಗುರುತೂ ಮೂಡಿದಾಗ ಆರೂವರೆ ದಾಟಿತ್ತು. ಪಕ್ಕದ ಮನೆಯ ಬಾಗಿಲಿಗೆ ಹೋದೆ. ಹೊಸ್ತಿಲ ಎರಡೂ ಕಡೆ ದೀಪ ಉರಿಯುತ್ತಿತ್ತು. ದೊಡ್ಡವ್ವ ಒಳಗೆ ನಿಂತಿದ್ದರು, ನಾನು ಹೊರಗೆ.

"ದೊಡ್ಡವ್ವಾ, ಪಾಸ್‌ವರ್ಡ್ ಹೇಳ್ರಿ."

"ಈಗ?" ಎಂದು ನನ್ನನ್ನು ನೋಡಿದರು. "ದೀಪ ಹಚ್ಚೀನಿ. ಶುಕ್ರವಾರ. ನಾಳೆ ಬೆಳಿಗ್ಗಿ ಬಾ."

"ನಾಳೆ ತಗೊಂಡು ಏನು ಮಾಡ್ಲಿ? ಏಳಕ್ಕ ಸ್ಪರ್ಧೆ ಐತಿ."

"ದೀಪ ಹಚ್ಚಿದಮ್ಯಾಲೆ ಮನ್ಯಾಗಿಂದು ಹೊರಗ ಕೊಡಂಗಿಲ್ಲ. ಉಪ್ಪು ಕೊಡಂಗಿಲ್ಲ, ಹೆಪ್ಪು ಕೊಡಂಗಿಲ್ಲ, ಸೂಜಿ ಕೊಡಂಗಿಲ್ಲ. ನಿಮ್ಮವ್ವ ಕಲಿಸಿಲ್ಲೇನು?"

ನಾನು ತರಬೇತಿಯನ್ನೆಲ್ಲ ಒಟ್ಟುಗೂಡಿಸಿಕೊಂಡೆ. "ದೊಡ್ಡವ್ವಾ, ಉಪ್ಪು ಕೊಟ್ರ ನಿಮ್ಮ ಉಪ್ಪು ಕಡಿಮಿ ಆಗತೈತಿ. ಪಾಸ್‌ವರ್ಡ್ ಹಂಗಲ್ಲ. ನನಗ ಹೇಳಿದ್ರೂ ನಿಮ್ಮಂತಾಕ ಉಳಿತೈತಿ. ಕಡಿಮಿ ಆಗಲಾರದ್ದು ಹೊರಗ ಹೋತು ಅನ್ನಾಕ ಹೆಂಗ ಬರತೈತಿ?"

"ಮೊನ್ನಿ ನನ್ನ ಮೊಮ್ಮಕ್ಕಳೆಲ್ಲ ಬಂದು ಒಂದೊಂದು ಫೋನಿಗೆ ಅದನ್ನ ಹಾಕ್ಕೊಂಡ್ರು. ನನ್ನ ಧಾರಾವಾಹಿ ಗಿರಗಿರ ಗಿರಗಿರ ತಿರುಗಿದ್ದು ತಿರುಗಿದ್ದೇ. ಅದರಾಗಿನ ಸೊಸಿ ಅಳಾಕ ಶುರುಮಾಡಿದಾಕಿ ಬಾಯಿ ತಕ್ಕೊಂಡು ಹಂಗ ನಿಂತಿದ್ಲು. ಕಡಿಮಿ ಆಗಂಗಿಲ್ಲ ಅಂತ ನನಗ ಹೇಳ್ತೀಯೇನು?"

ಇದಕ್ಕೆ ಸರಿಯಾದ ಉತ್ತರವಿದೆ. ಕಡಿಮೆಯಾದದ್ದು ಪಾಸ್‌ವರ್ಡ್ ಅಲ್ಲ, ವೇಗ. ಎರಡೂ ಬೇರೆ. ಹೇಳಿದೆ ಕೂಡ. ದೊಡ್ಡವ್ವ ತಲೆಯಾಡಿಸಿ ಕೇಳಿ, "ಇಷ್ಟೆಲ್ಲಾ ಬರೋಬ್ಬರಿ ಮಾತಾಡಾಕಿ ಬೆಳಿಗ್ಗೇ ಯಾಕ ಬರ್ಲಿಲ್ಲ?" ಎಂದರು.

ಏಳಕ್ಕೆ ಕೆಲವೇ ನಿಮಿಷ ಇದ್ದವು. ನಾನು ತಿರುಗಿ ಹೊರಟೆ.

"ಎಲ್ಲಿಗೆ ಹೊಂಟಿ?"

"ಮನಿಗೆ. ಸೋಲಾಕ."

"ಹೊರಗ ಕೊಡಂಗಿಲ್ಲ ಅಂದೆ. ನೀ ಒಳಗ ಬರಬ್ಯಾಡ ಅಂದೆನೇನು? ಆ ಡಬ್ಬಿ ತಗೊಂಡು ಬಾ ಹೋಗು, ಲಗೂ."

ಓಡಿ ಹೋಗಿ ಲ್ಯಾಪ್‌ಟಾಪ್ ಹೊತ್ತು ತಂದೆ. ಬ್ಯಾಟರಿ ಇಲ್ಲದ್ದರಿಂದ ಪ್ಲಗ್ಗಿನ ಪಕ್ಕದಲ್ಲೇ ಕೂರಬೇಕು. ಪಡಸಾಲೆಯಲ್ಲಿ ಖಾಲಿ ಇದ್ದ ಒಂದೇ ಒಂದು ಪ್ಲಗ್ಗಿನ ಜಾಗ ದೇವರ ಜಗಲಿಯ ಬಳಿ. ರೌಟರೂ ಅಲ್ಲೇ, ದೇವರ ಪಕ್ಕ, ಮೂರು ಬೆರಳು ವಿಭೂತಿ ಹಚ್ಚಿಕೊಂಡು ಧ್ಯಾನದಲ್ಲಿತ್ತು. "ಆ ಕಡಿ ತಿರುಗು," ಎಂದು ನನ್ನ ಮುಖವನ್ನು ಗೋಡೆಗೆ ತಿರುಗಿಸಿ, ದೊಡ್ಡವ್ವ ಒಂದೇ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ಪ್ರತಿ ಅಕ್ಷರಕ್ಕೂ ಒಂದು ನಿಟ್ಟುಸಿರು. ಬೀಗ ತೆರೆಯಿತು.

ಏಳಕ್ಕೆ ಎರಡು ನಿಮಿಷವಿರುವಾಗ ಪರದೆಯಲ್ಲಿ ಮೂಡಿದ ನನ್ನನ್ನು ನಾನೇ ನೋಡಿದೆ. ಮುಂದೆ ನಾನು, ಹಿಂದೆ ಉರಿಯುವ ದೀಪಗಳು, ಹೂವು, ಊದಿನಕಡ್ಡಿಯ ಹೊಗೆ. ಹಿನ್ನೆಲೆಯನ್ನು ಮಸುಕಾಗಿಸುವ ಶಕ್ತಿ ಮಾವನ ಕಲ್ಲಿಗಿರಲಿಲ್ಲ. ಆಗ ತೀರ್ಪುಗಾರರು ವಿಷಯ ಪ್ರಕಟಿಸಿದರು: ಆಚರಣೆಗಳು ಪ್ರಗತಿಗೆ ಅಡ್ಡಿ. ಚೀಟಿ ಎತ್ತಿದರು. ಪರ ಮಾತಾಡುವವಳು ನಾನು.

ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ವಿನಯಕ್ಕೆ ಇಲ್ಲಿ ಜಾಗವಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಆ ಹುಡುಗನ ಹಿಂದೆ ಪುಸ್ತಕದ ಕಪಾಟಿತ್ತು. ಅವನು ವಿಷಯವನ್ನು ಮುಟ್ಟಲೇ ಇಲ್ಲ.

"ಗೌರವಾನ್ವಿತ ತೀರ್ಪುಗಾರರೇ, ನನ್ನ ಎದುರಾಳಿ ಆಚರಣೆಯನ್ನು ಖಂಡಿಸುತ್ತಿರುವುದು ದೇವರ ದೀಪದ ಬೆಳಕಿನಲ್ಲಿ. ನಾನು ಇನ್ನೇನು ವಾದಿಸಲಿ?"

ತೀರ್ಪುಗಾರರು ಮೂವರೂ ನಕ್ಕರು. ಚರ್ಚೆಯಲ್ಲಿ ತೀರ್ಪುಗಾರರು ನಕ್ಕರೆ ಅರ್ಧ ಸೋತಂತೆ, ನಗಿಸಿದವರು ನಾವಲ್ಲದಿದ್ದರೆ. ಖಂಡನೆಗೆ ನನಗೆ ಒಂದು ನಿಮಿಷವಿತ್ತು. ನನ್ನ ಕೈಯಲ್ಲಿ ಒಂದೇ ಅಸ್ತ್ರವಿತ್ತು, ಅದು ನಡೆದ ಸಂಗತಿ. ಅಸ್ತ್ರದ ಒಡತಿ ನನ್ನ ಹಿಂದೆ ಮಂಚದ ಮೇಲೆ, ಧಾರಾವಾಹಿಯನ್ನು ನನಗಾಗಿ ನಿಲ್ಲಿಸಿಕೊಂಡು, ಪೂರ್ತಿ ಕಿವಿಯಾಗಿ ಕೂತಿದ್ದರು.

"ನಾನು ಈ ದೀಪದ ಮುಂದೆ ಕೂತಿರುವುದು ಭಕ್ತಿಯಿಂದಲ್ಲ," ಎಂದೆ. "ಈ ಮನೆಯ ವೈಫೈ ಪಾಸ್‌ವರ್ಡ್ ಕೇಳಿದೆ. ಶುಕ್ರವಾರ, ದೀಪ ಹಚ್ಚಿದ ಮೇಲೆ ಕೊಡುವಂತಿಲ್ಲ ಎಂದರು. ಇನ್ನೊಂದು ಗಳಿಗೆ ತಡವಾಗಿದ್ದರೆ ನಾನು ಈ ಪರದೆಯಲ್ಲೇ ಇರುತ್ತಿರಲಿಲ್ಲ. ಇನ್ನೇನು ವಾದಿಸಲಿ ಎಂದು ನನ್ನ ಎದುರಾಳಿ ಕೇಳುತ್ತಾರೆ. ಅವರು ತೋರಿಸಿದ ದೀಪವೇ ನನ್ನ ಸಾಕ್ಷಿ."

ಹಿಂದಿನಿಂದ ದನಿ ಬಂತು. "ಒಳಗ ಕರದು ಕುಂದ್ರಿಸಿದ್ದು ಹೇಳವಾ. ಅದನ್ಯಾಕ ನುಂಗ್ತಿ?"

ಸತ್ತ ಯಂತ್ರದಲ್ಲಿ ಮೈಕು ಮಾತ್ರ ಜೀವಂತವಾಗಿತ್ತು. ಪರದೆಯ ಆಚೆ ಎಲ್ಲರೂ ಕೇಳಿಸಿಕೊಂಡರು. ಹುಡುಗ ಹಲ್ಲು ಬಿಟ್ಟ. ನಡುವಿನ ತೀರ್ಪುಗಾರರು, "ಯಾರಮ್ಮ ಅವರು?" ಎಂದರು.

"ಅಡ್ಡಿ ಮಾಡಿದವರು, ಸರ್," ಎಂದೆ. ಇನ್ನು ಕೆಲವು ಸೆಕೆಂಡು ಉಳಿದಿದ್ದವು. "ಒಳಗೆ ಕರೆದದ್ದೂ ಅವರೇ. ಆದರೆ ನನ್ನನ್ನು ಒಳಗೆ ಬಿಟ್ಟದ್ದು ಆಚರಣೆಯಲ್ಲ. ಆಚರಣೆ ಬಾಗಿಲು ಹಾಕಿತು, ಈ ಹೆಂಗಸು ಅದರಲ್ಲಿ ಒಂದು ಸಂದು ಹುಡುಕಿದರು. ಪ್ರಗತಿ ಆಗುವುದು ಆ ಸಂದಿನಲ್ಲಿ. ಬಾಗಿಲೇ ಇರದಿದ್ದರೆ ಹುಡುಕುವ ಶ್ರಮವೂ ತಪ್ಪುತ್ತಿತ್ತು."

ಗಂಟೆ ಬಾರಿಸಿದರು. ಸ್ವಲ್ಪ ಹೊತ್ತಿಗೆ ಫಲಿತಾಂಶ ಹೇಳಿದರು. ಜಾಗ ನನ್ನದಾಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ತಂಡದ ಮೊದಲ ತಾಲೀಮು, ಅದೂ ಆನ್‌ಲೈನ್, ತಪ್ಪಿಸಿದರೆ ಜಾಗ ಆ ಹುಡುಗನಿಗೆ ಎಂದೂ ಹೇಳಿದರು.

ನಾನು ಖುಷಿಯಲ್ಲಿ ವೈರು ಸುತ್ತಿಕೊಳ್ಳುತ್ತಿದ್ದಾಗ ದೊಡ್ಡವ್ವ ಮಂಚದಿಂದಲೇ ಕೇಳಿದರು. "ನಾನು ಒತ್ತಿದ್ದು ಅದರಾಗ ಉಳಿತೈತೋ, ಹೋಗತೈತೋ?"

"ಉಳಿತೈತ್ರಿ."

"ಹಂಗಾರ ಹೊಸ್ತಿಲ ದಾಟಿದ್ರ ಹೊರಗ ಹೋದಂಗ ಆತು."

ತರ್ಕ ಸರಿಯಾಗಿತ್ತು. ನನ್ನ ವಾದ ನನಗೇ ತಿರುಗಿ ಬಿದ್ದಾಗ ಬರುವ ಸಿಟ್ಟು ಬೇರೆಯೇ. ಆ ಚೂರು ಇಲ್ಲದೆ ಲ್ಯಾಪ್‌ಟಾಪ್ ಮತ್ತೆ ಬರೀ ಕಲ್ಲು ಎಂದು ವಿವರಿಸಿ, ಅದನ್ನು ಕಿತ್ತು ಆಕೆಯ ಅಂಗೈಗಿಟ್ಟೆ. ಅವರು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮುಖದಲ್ಲಿ ನಗುವಿರಲಿಲ್ಲ.

ಶನಿವಾರ ಒಂಬತ್ತಕ್ಕೇ ಹೋದೆ. ದೊಡ್ಡವ್ವ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಗಂಟು ಸೆರಗಿನಲ್ಲೇ ಇತ್ತು.

"ನನ್ನ ಮನ್ಯಾಗ ಕುಂತು, ನನ್ನ ಕರೆಂಟ್ ತಿಂದು, ನನ್ನನ್ನ ಅಡ್ಡಿ ಅಂದಿ. ಊರಿಗೆಲ್ಲಾ ಕೇಳಿಸೋಹಂಗ."

"ದೊಡ್ಡವ್ವಾ, ಅದು ಸ್ಪರ್ಧೆರಿ. ಚೀಟಿ ಯಾವ ಕಡಿ ಬರತೈತೋ ಆ ಕಡಿ ಮಾತಾಡ್ತೀವಿ."

"ಅಂದ್ರ ಮನಸಿನಾಗಿಂದಲ್ಲ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ನಿನ್ನೆ ಆಡಿದ್ದು ಮನಸ್ಸಿನಿಂದಲೇ ಆಡಿದ್ದು. "ಮನಸಿನಾಗಿಂದೂ ಹೌದ್ರಿ," ಎಂದೆ.

ಒಂದು ಕಡಲೆಕಾಯಿ ಒಡೆದರು. "ಚೀಟಿ ಆ ಕಡಿ ಬಂದಿದ್ರ ಆ ಕಡಿನೂ ಹೇಳ್ತಿದ್ದೆಲ್ಲ? ಈಗ ಹೇಳು. ಹೇಳಿದಮ್ಯಾಲೆ ಇದು ನಿಂದು."

ಗಡಿಯಾರ ನೋಡಿಕೊಂಡೆ. ಬೇರೆ ದಾರಿ ಇರಲಿಲ್ಲ. ಪಡಸಾಲೆಯ ನಡುವೆ ನಿಂತು, ಆಚರಣೆಗಳು ಪ್ರಗತಿಗೆ ಅಡ್ಡಿಯಲ್ಲ ಎಂದು ಒಬ್ಬರೇ ಶ್ರೋತೃವಿಗೆ ಭಾಷಣ ಮಾಡಿದೆ. ಹೊತ್ತು ಗೊತ್ತಿರುವ ಮನೆ, ಅಕ್ಕಪಕ್ಕದವರನ್ನು ಬೆಳಕಿರುವಾಗಲೇ ಮಾತಾಡಿಸುವ ಅಭ್ಯಾಸ, ಕೊಡುವುದಕ್ಕೂ ಒಂದು ಕ್ರಮ, ಕರೆಯುವುದಕ್ಕೂ ಒಂದು ಕ್ರಮ. ಸಿಕ್ಕಿದ್ದನ್ನೆಲ್ಲ ಎಳೆದು ತಂದೆ. ಕೈ ಬೀಸಿದೆ. ಕೊನೆಗೆ ದನಿಯನ್ನೂ ಏರಿಸಿದೆ. ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿದರು.

ಮುಗಿಸಿ ನಿಂತೆ. ಅವರು ಸೆರಗಿನ ಗಂಟು ಬಿಚ್ಚಿ ಚೂರನ್ನು ನನ್ನ ಕೈಗಿಟ್ಟರು.

"ನಿನ್ನಿ ಆಡಿದ್ದ ಚಲೋ ಇತ್ತು," ಎಂದರು. "ಇದರಾಗ ಏನೂ ಖಾರ ಇಲ್ಲ."